ಮಹಾಲಕ್ಷ್ಮಿಯ ಹಕಾರ: ಅಪರ್ಣಾ ಅವರನ್ನು ನೆನೆದು

(ದಾವಣಗೆರೆಯಲ್ಲಿ ನಮ್ಮ ಓದುಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು. ಬರೆದಿಡುವಾಗ ಅಲ್ಲಲ್ಲಿ ಒಂದಿಷ್ಟು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೈಕ್ ಮುಂದೆ ನಿಲ್ಲುವುದು ನನಗೆ ಹೊಸದಲ್ಲ. ಆದರೆ ಇಷ್ಟು ದಿನ ನಿಂತದ್ದೆಲ್ಲ ಬೇರೆಯವರನ್ನು ವೇದಿಕೆಗೆ ಕರೆಯುವುದಕ್ಕೆ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದೆ. ಅದರ ಜೊತೆಜೊತೆಗೇ ಈ ಊರಿನ ಸಮಾರಂಭಗಳಿಗೆ ನಿರೂಪಣೆ ಮಾಡುತ್ತ ಬಂದೆ. ಶಾಲೆಯ ವಾರ್ಷಿಕೋತ್ಸವ, ರಾಜ್ಯೋತ್ಸವ, ಪುಸ್ತಕ ಬಿಡುಗಡೆ, ನಿವೃತ್ತರ ಬೀಳ್ಕೊಡುಗೆ, ಶ್ರದ್ಧಾಂಜಲಿ ಸಭೆ ಕೂಡ. ಹಾಗಾಗಿ ಬಳಗದವರು "ಈ ಸಲ ಸಿನಿಮಾ, ಟಿವಿ ನಟಿಯೊಬ್ಬರ ಬದುಕಿನ ಬಗ್ಗೆ ನೀವು ಮಾತಾಡ್ರಿ" ಅಂದಾಗ ಯಾರ ಬಗ್ಗೆ ಅಂತ ನಾನು ಯೋಚಿಸಲಿಲ್ಲ. ಅಪರ್ಣಾ ಬಗ್ಗೆ ಮಾತಾಡ್ತೀನಿ ಅಂದೆ. "ಅವರು ನಿರೂಪಕಿ ಅಲ್ವಾ?" ಅಂತ ಒಬ್ಬರು ಕೇಳಿದರು. ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ ಅಂತ ತಿಳಿದುಕೊಳ್ಳಿ. ನಿರೂಪಣೆಯಲ್ಲಿ ಅವರು ಮಾಡಿದ್ದು ನಟನೆಯನ್ನೇ, ಅದೂ ಬಹಳ ಕಷ್ಟದ ನಟನೆಯನ್ನು ಅಂತ ನಾನು ನಂಬಿದ್ದೇನೆ.

2024ರ ಆಗಸ್ಟಿನಲ್ಲಿ ಮಗನ ಮನೆಗೆಂದು ಬೆಂಗಳೂರಿಗೆ ಹೋದೆ. ಯಶವಂತಪುರದಲ್ಲಿ ರೈಲು ಇಳಿದು ಮೆಟ್ರೋ ಹತ್ತಿದೆ. ಬ್ಯಾಗನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದೆ. ಬೆಣ್ಣೆಯ ಡಬ್ಬಿ ಸೋರದಿರಲಿ ಅನ್ನುವುದೊಂದೇ ಯೋಚನೆ. ಸ್ಯಾಂಡಲ್ ಸೋಪ್ ಕಾರ್ಖಾನೆ ದಾಟಿತು. ಆಗ ಮೇಲಿನಿಂದ ಆ ದನಿ ಬಂತು. "ಮುಂದಿನ ನಿಲ್ದಾಣ ಮಹಾಲಕ್ಷ್ಮಿ."

ಅಪರ್ಣಾ ತೀರಿಕೊಂಡಿದ್ದು ಜುಲೈ 11ಕ್ಕೆ. ಒಂದು ತಿಂಗಳಾಗಿತ್ತಷ್ಟೆ. ಮೆಟ್ರೋದಲ್ಲಿ ಕನ್ನಡದ ಪ್ರಕಟಣೆ ಅವರದೇ ದನಿ ಅಂತ ಪೇಪರಿನಲ್ಲಿ ಓದಿದ್ದೆ, ಗೊತ್ತಿತ್ತು. ಗೊತ್ತಿದ್ದರೂ ಎದೆ ಝಲ್ಲೆಂದಿತು. ಬೋಗಿ ತುಂಬ ಜನ, ಎಲ್ಲರ ಕಣ್ಣೂ ಫೋನಿನಲ್ಲಿ. ಇಳಿಯುವವರು ಬಾಗಿಲ ಹತ್ತಿರ ಸರಿದರು. ನಾನು ಮಾತ್ರ "ಮಹಾಲಕ್ಷ್ಮಿ" ಅನ್ನುವ ಆ ಪದದ ನಡುವಿನ "ಹಾ"ದಲ್ಲೇ ನಿಂತುಬಿಟ್ಟಿದ್ದೆ. ಎಷ್ಟು ಬೇಕೋ ಅಷ್ಟೇ ಉಸಿರು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ವಾಪಸು ಬರುವಾಗ ಅದನ್ನು ನನ್ನ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದೇನೆ, ಕೊನೆಗೆ ಕೇಳಿಸುತ್ತೇನೆ.

ಮೊದಲು ಅವರ ಊರಿನಿಂದ ಶುರು ಮಾಡೋಣ. ಅಪರ್ಣಾ ಹುಟ್ಟಿದ್ದು ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ. ಮಲೆನಾಡಿನ ಜಿಲ್ಲೆಯ ಹೆಸರು ಕೇಳಿ ಕಾಫಿ ತೋಟ, ಮಂಜು ಅಂತ ಅಂದುಕೊಳ್ಳಬೇಡಿ. ಕಡೂರಿನ ಆ ಭಾಗ ನಮ್ಮ ಹಾಗೇ ಬಯಲುಸೀಮೆ. ನಾವು ಬೆಂಗಳೂರಿಗೆ ಹೋಗುವಾಗ ಬೀರೂರು ಕಳೆದ ಮೇಲೆ ಕಿಟಕಿಯಲ್ಲಿ ಕಾಣುತ್ತದಲ್ಲ, ತೆಂಗಿನ ಸಾಲು, ರಾಗಿ ಹೊಲ, ನೀರಿಲ್ಲದ ಕೆರೆ, ಅದೇ ಸೀಮೆ. ತಂದೆ ಸಿನಿಮಾ ಪತ್ರಕರ್ತರು. ಮಗಳು ಬೆಳೆದದ್ದು ಬೆಂಗಳೂರಿನಲ್ಲಿ. ಮನೆಯಲ್ಲಿ ಸಿನಿಮಾದ ಮಾತು ದಿನಬಳಕೆಯ ಮಾತೇ ಆಗಿದ್ದಿರಬೇಕು.

ಅವರು ಮೊದಲು ಬಣ್ಣ ಹಚ್ಚಿದ್ದು "ಮಸಣದ ಹೂವು" ಚಿತ್ರಕ್ಕೆ, ನಿರ್ದೇಶಕ ಪುಟ್ಟಣ್ಣ ಕಣಗಾಲರ ಕೈಕೆಳಗೆ. ಪುಟ್ಟಣ್ಣ ಅಂದರೆ ನಮ್ಮ ಕಡೆಯವರಿಗೆ ದುರ್ಗದ ಕೋಟೆಯೇ ಕಣ್ಣಿಗೆ ಬರುತ್ತದೆ. 1972ರ "ನಾಗರಹಾವು" ಚಿತ್ರ ತ.ರಾ.ಸು. ಅವರ ಕಾದಂಬರಿಗಳಿಂದ ಹುಟ್ಟಿದ್ದು. ಅವರೂ ದುರ್ಗದ ನಂಟಿನವರು, ಚಿತ್ರೀಕರಣವೂ ಅಲ್ಲೇ. ಇವತ್ತಿಗೂ ಮಕ್ಕಳನ್ನು ಕೋಟೆ ತೋರಿಸಲು ಕರೆದುಕೊಂಡು ಹೋದರೆ, ಓಬವ್ವನ ಕಿಂಡಿಯ ಹತ್ತಿರ ನಿಂತ ಹಿರಿಯರ ಬಾಯಲ್ಲಿ ಮೊದಲು ಬರುವ ಹೆಸರು ಜಯಂತಿಯವರದು. ಒನಕೆ ಹಿಡಿದು ಅವರು ನಿಂತ ನಿಲುವು ಹಾಗಿತ್ತು. ಅಂಬರೀಶ್ ಜಲೀಲನಾಗಿ ಮೊದಲ ಸಲ ತೆರೆಗೆ ಬಂದದ್ದೂ ಅದೇ ಚಿತ್ರದಲ್ಲಿ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಅದೇ ಪುಟ್ಟಣ್ಣ, ಅದೇ ಜಯಂತಿ, ಅದೇ ಅಂಬರೀಶ್ "ಮಸಣದ ಹೂವು" ಚಿತ್ರಕ್ಕೆ ಮತ್ತೆ ಒಂದಾದರು. ಅವರ ನಡುವೆ ಬಂದು ನಿಂತ ಹೊಸ ಹುಡುಗಿ ಅಪರ್ಣಾ. ಆಗಿನ್ನೂ ಕಾಲೇಜಿನ ವಯಸ್ಸು.

ಪುಟ್ಟಣ್ಣನವರ ಸೆಟ್ಟಿನಲ್ಲಿ ಕಲಿತವರೆಲ್ಲ ಒಂದು ಮಾತು ಹೇಳುತ್ತಾರೆ. ಸಂಭಾಷಣೆಯ ಒಂದೊಂದು ಪದವೂ ಅವರಿಗೆ ಬೇಕಾದ ಭಾರದಲ್ಲೇ ಬೀಳಬೇಕಿತ್ತು. ಕಣ್ಣು, ಕುತ್ತಿಗೆ, ಬೆರಳ ತುದಿಯವರೆಗೆ ತಾವೇ ಮಾಡಿ ತೋರಿಸುತ್ತಿದ್ದರಂತೆ. ಹದಿಹರೆಯದ ಹುಡುಗಿಗೆ ಸಿಕ್ಕ ಮೊದಲ ಪಾಠಶಾಲೆ ಅದು. ಆದರೆ ಮೇಷ್ಟ್ರು ಹೆಚ್ಚು ದಿನ ಉಳಿಯಲಿಲ್ಲ. 1985ರ ಜೂನ್ ತಿಂಗಳಲ್ಲಿ ಪುಟ್ಟಣ್ಣ ತೀರಿಕೊಂಡರು. "ಮಸಣದ ಹೂವು" ಅವರ ಕೊನೆಯ ಚಿತ್ರವಾಯಿತು. ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು.

ಆಮೇಲೆ ಅಪರ್ಣಾ ಕೆಲವು ಸಿನಿಮಾಗಳಲ್ಲಿ ಬಂದರು. ಆದರೆ ನಾಯಕಿಯಾಗಿ ನೆಲೆ ನಿಲ್ಲಲಿಲ್ಲ. ಅವರ ಬಗ್ಗೆ ಬರೆದ ಕೆಲವರು ಇದನ್ನು ಒಂದು ಸೋಲಿನ ಹಾಗೆ ಹೇಳಿ ಮುಂದೆ ಹೋಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಸಿನಿಮಾದಲ್ಲಿ ನಾಯಕಿಯ ಬಾಯಿಗೆ ಉಳಿದಿದ್ದ ಮಾತೇ ಎಷ್ಟು? ಎಷ್ಟೋ ನಾಯಕಿಯರಿಗೆ ಬೇರೆ ಯಾರೋ ದನಿ ಕೊಡುತ್ತಿದ್ದರು. ಮಾತನ್ನೇ ಕಲೆ ಮಾಡಿಕೊಂಡವರಿಗೆ ಅಲ್ಲಿ ಕೆಲಸ ಕಡಿಮೆ. ಮಾತಿಗೆ ಜಾಗ ಎಲ್ಲಿತ್ತೋ ಅವರು ಅಲ್ಲಿಗೆ ಹೋದರು, ರೇಡಿಯೋಕ್ಕೆ ಮತ್ತು ದೂರದರ್ಶನಕ್ಕೆ.

ಬೆಂಗಳೂರು ಆಕಾಶವಾಣಿಯ ಎಫ್‌ಎಂ ರೇನ್‌ಬೋದಲ್ಲಿ ಅವರು ಮಾತಾಡುತ್ತಿದ್ದರು. ಅದು ನಮಗೆ ಇಲ್ಲಿ ಸಿಗುತ್ತಿರಲಿಲ್ಲ. ನಮ್ಮ ರೇಡಿಯೋ ಅಂದರೆ ಭದ್ರಾವತಿ, ಆಮೇಲೆ ಚಿತ್ರದುರ್ಗ. ನಾನು ಅಪರ್ಣಾ ಅವರನ್ನು ಕಂಡದ್ದು ದೂರದರ್ಶನದಲ್ಲಿ. ಆಗ ನಮ್ಮ ಮನೆ ವಿದ್ಯಾನಗರದ ಕಡೆ. ಟಿವಿ ಅತ್ತೆಯವರ ಕೋಣೆಯಲ್ಲಿ. ಗಾಳಿ ಜೋರಾಗಿ ಬೀಸಿದರೆ ಮಗ ತಾರಸಿಗೆ ಹೋಗಿ ಆಂಟೆನಾ ತಿರುಗಿಸಬೇಕು, ನಾನು ಕಿಟಕಿಯಿಂದ "ಬಂತು, ಬಂತು, ಅಲ್ಲೇ ನಿಲ್ಲಿಸು" ಅಂತ ಕೂಗಬೇಕು. ಒಂದೊಂದು ಸಲ ಚಿತ್ರ ಪೂರ್ತಿ ಹೋಗಿ ಬರೀ ಚುಕ್ಕಿ ಉಳಿಯುತ್ತಿತ್ತು. ದನಿ ಮಾತ್ರ ನಿಂತಿರುತ್ತಿತ್ತು. ಅಂಥ ಒಂದು ಸಂಜೆ ಅತ್ತೆ, "ಇರ್ಲಿ ಬಿಡು, ಆ ಹುಡುಗಿ ಮಾತಾಡಾದು ಕೇಳ್ತಾ ಐತಲ್ಲ, ಅಷ್ಟು ಸಾಕು" ಅಂದರು. ಓದು ಬರಹ ಬಾರದ ಹೆಣ್ಣುಮಗಳು ನಮ್ಮತ್ತೆ. ಅಪರ್ಣಾ ಅವರ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಅವರದು.

1998ರ ದೀಪಾವಳಿಗೆ ದೂರದರ್ಶನದಲ್ಲಿ ಅಪರ್ಣಾ ಸತತ ಎಂಟು ಗಂಟೆ ನಿರೂಪಣೆ ಮಾಡಿದರು. ದಾವಣಗೆರೆ ಹೊಸ ಜಿಲ್ಲೆಯಾಗಿ ಆಗ ವರ್ಷ ದಾಟಿತ್ತಷ್ಟೆ. ಆ ಎಂಟು ಗಂಟೆಯ ಬಗ್ಗೆ ಒಂದಿಷ್ಟು ಹೇಳಬೇಕು. ನಿರೂಪಣೆ ಅಂದರೆ ಚೀಟಿ ನೋಡಿ ಓದುವುದು ಅಂತ ತಿಳಿದವರೇ ಹೆಚ್ಚು.

ಒಂದು ಗಂಟೆ ವೇದಿಕೆಯ ಮೇಲೆ ಮಾತಾಡಿದರೆ ಗಂಟಲು ಒಣಗುತ್ತದೆ. ಎರಡನೇ ಗಂಟೆಗೆ ಪದಗಳ ಬಾಲ ಕಳಚತೊಡಗುತ್ತದೆ. "ಮಾಡಿದ್ದಾರೆ" ಹೋಗಿ "ಮಾಡಿದಾರೆ" ಆಗುತ್ತದೆ, ಆಮೇಲೆ "ಮಾಡಿದರೆ" ಆಗಿ ಅರ್ಥವೇ ಬದಲಾಗುತ್ತದೆ. ಮೂರನೇ ಗಂಟೆಗೆ ಉಸಿರು ವಾಕ್ಯದ ನಡುವೆ ತುಂಡಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅದೇ ನಿರೂಪಕರ ಪಾಡು. ಉಸಿರನ್ನು ಕೊನೆಯ ಪದದವರೆಗೆ ಉಳಿಸಿಕೊಳ್ಳದಿದ್ದರೆ ಇಡೀ ವಾಕ್ಯ ನೀರಿಗೆ ಹಾಕಿದ ಹಾಗೆ. ಜೊತೆಗೆ ಮುಖದ ನಗು ಮಾಸಬಾರದು, ಮುಂದೆ ಬರುವವರ ಹೆಸರು ತಪ್ಪಬಾರದು, ಹಾಡುವವರು ತಡವಾದರೆ ಆ ಸಂದನ್ನು ತುಂಬಬೇಕು, ಬೇಗ ಬಂದರೆ ಮಾತನ್ನು ಅಲ್ಲೇ ಮಡಚಿಡಬೇಕು. ಎಂಟು ಗಂಟೆ! ನನಗೆ ಎರಡೂವರೆ ಗಂಟೆಯ ರಾಜ್ಯೋತ್ಸವ ಮುಗಿಸಿ ಮನೆಗೆ ಬಂದರೆ ಬಿಸಿನೀರಿಗೆ ಉಪ್ಪು ಹಾಕಿ ಗಂಟಲಿಗೆ ಬಿಟ್ಟುಕೊಳ್ಳದೆ ಮಲಗಲು ಆಗುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿ ನೋಡುವವರ ನೆನಪಿನಲ್ಲಿ ಉಳಿಯಬೇಕಾದದ್ದು ಹಾಡಿದವರು, ಕುಣಿದವರು. ತನ್ನ ಸರದಿ ಬಂದಾಗಲೂ ಬೇರೆಯವರನ್ನೇ ಮುಂದೆ ಮಾಡುವ ಪಾತ್ರ ಇದು. ಇದಕ್ಕೆ ನಟನೆ ಬೇಡವೇ?

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ನಿರೂಪಣೆಗೆ ನಿಂತ ಮೊದಮೊದಲ ವರ್ಷಗಳಲ್ಲಿ ಒಂದು ಸಮಾರಂಭ. ಸಂಸ್ಥೆಯ ಹಿರಿಯ ಶಿಕ್ಷಕರೊಬ್ಬರು ಅದೇ ವಾರ ತೀರಿಕೊಂಡಿದ್ದರು. ಮೊದಲಿಗೆ ಒಂದು ನಿಮಿಷ ಮೌನ, ಆಮೇಲೆ ಮಕ್ಕಳ ನೃತ್ಯ ಅಂತ ಚೀಟಿಯಲ್ಲಿತ್ತು. ಮೌನ ಮುಗಿದ ಕೂಡಲೇ ನಾನು ಅದೇ ಉತ್ಸಾಹದಿಂದ, ಅದೇ ಎತ್ತರದ ದನಿಯಲ್ಲಿ, "ಈಗ ನಿಮ್ಮೆಲ್ಲರ ಮನ ತಣಿಸಲು" ಅಂತ ಶುರು ಮಾಡಿದೆ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು. ಅವರು ಸೆರಗು ಹೊದ್ದುಕೊಂಡು ತಲೆ ತಗ್ಗಿಸಿದ್ದು ನನಗೆ ಕಾಣಿಸಿತು. ಏನೂ ಅನ್ನಲಿಲ್ಲ ಅವರು. ಇವತ್ತಿಗೂ ಅದು ಕಣ್ಣ ಮುಂದಿದೆ.

ಆಮೇಲೆ ನಾನು ದೂರದರ್ಶನದ ಮುಂದೆ ಕೂತು ಅಪರ್ಣಾ ಅವರನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಒಂದು ವಿಷಯದಿಂದ ಇನ್ನೊಂದಕ್ಕೆ ಹೇಗೆ ಹೊರಳುತ್ತಾರೆ? ಹೊರಳುವ ಮುಂಚೆ ಕಣ್ಣು ಒಂದು ಕ್ಷಣ ಕೆಳಗಿಳಿಯುತ್ತಿತ್ತು. ಹೊಸ ವಾಕ್ಯವನ್ನು ತಗ್ಗಿನ ದನಿಯಲ್ಲಿ ಎತ್ತಿಕೊಂಡು, ಎರಡನೇ ವಾಕ್ಯಕ್ಕೆ ಒಂದು ಮೆಟ್ಟಿಲು, ಮೂರನೆಯದಕ್ಕೆ ಇನ್ನೊಂದು ಮೆಟ್ಟಿಲು ಹತ್ತುತ್ತಿದ್ದರು. ಕೇಳುವವರನ್ನು ಕೈಹಿಡಿದು ಕರೆದುಕೊಂಡು ಹೋದ ಹಾಗೆ. ಅವತ್ತಿನಿಂದ ನನ್ನ ಚೀಟಿಗಳು ಬದಲಾದವು. ದಪ್ಪ ಅಕ್ಷರದಲ್ಲಿ ಬರೆದು, ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ, ಸುಮ್ಮನಿರಬೇಕಾದ ಕಡೆ ಎರಡು. ಆ ಚೀಟಿಗಳನ್ನು ಒಂದು ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ, ನೋಡಿ, ತಂದಿದ್ದೇನೆ.

ಇನ್ನೊಬ್ಬ ಗುರು ನಮ್ಮೂರಿನ ಮೈಕ್‌ಸೆಟ್ಟಿನವರು. ಪಿ.ಬಿ. ರಸ್ತೆಯ ಹತ್ತಿರ ಅಂಗಡಿ ಇತ್ತು. "ಮೇಡಂ, ಮೈಕು ಬಾಯಿಂದ ನಾಲ್ಕು ಬೆರಳು ದೂರ ಇರ್ಲಿ. ಪ, ಭ ಬಂದಾಗ ಮುಖ ಒಂಚೂರು ಓರೆ ಮಾಡ್ರಿ. ಇಲ್ಲಾಂದ್ರ ಹಾರ್ನಿನಾಗ ಗುದ್ದಿದಂಗ ಕೇಳ್ತೈತಿ" ಅಂದರು. ತುಟಿ ಒಡೆದು ಬರುವ ಅಕ್ಷರಗಳ ಗಾಳಿ ಮೈಕಿಗೆ ನೇರ ಬಡಿಯುತ್ತದೆ, ಅದಕ್ಕೆ. ಆಮೇಲೆ ಅವರೇ ಇನ್ನೊಂದು ಹೇಳಿದರು. "ಹ ಅನ್ನೋದನ್ನ ಮೈಕು ನುಂಗ್ತೈತಿ, ನೋಡಿಕೊಳ್ರಿ."

ಈ ಮಾತನ್ನು ನಾನು ಪಾಠದಲ್ಲೂ ಹೇಳುತ್ತಿದ್ದೆ. "ಕ" ಅನ್ನಲು ನಾಲಿಗೆಯ ಹಿಂಬದಿ ಬೇಕು, "ತ"ಕ್ಕೆ ಹಲ್ಲು, "ಪ"ಕ್ಕೆ ತುಟಿ. "ಹ"ಕ್ಕೆ ಅವು ಯಾವುವೂ ಬೇಡ. ಬಾಯಿ ತೆರೆದು ಎದೆಯಿಂದ ಉಸಿರು ಬಿಟ್ಟರೆ ಆಯಿತು. ಅದಕ್ಕೇ ಅದು ಬಹಳ ಬೇಗ ಕಳೆದುಹೋಗುವ ಅಕ್ಷರ. ಹಳಗನ್ನಡದಲ್ಲಿ ಪಾಲು ಇತ್ತು, ಅದು ಹಾಲಾಯಿತು. ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಪೊಸತು ಹೊಸತಾಯಿತು. ಹಲವು ಕಡೆಯ ಆಡುಮಾತಿನಲ್ಲಿ ಆ ಹಾಲು ಇವತ್ತು ಆಲು. ನಮ್ಮ ಸುತ್ತಮುತ್ತ ನೋಡಿ, ಹರಿಹರ, ಹೊನ್ನಾಳಿ, ಹರಪನಹಳ್ಳಿ. ದುರ್ಗದ ಕಡೆ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ. ಹಕಾರದ ಊರುಗಳ ನಡುವೆಯೇ ನಾವು ಬದುಕಿದ್ದೇವೆ. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ "ಅರಿಹರ ಅರಿಹರ ಅರಿಹರ", "ಒನ್ನಾಳಿ ಒನ್ನಾಳಿ".

ಹೀಗೆ ಕೂಗುವ ಕಂಡಕ್ಟರ್ ತಪ್ಪು ಮಾಡುತ್ತಿದ್ದಾನೆ ಅಂತ ನಾನು ಹೇಳುತ್ತಿಲ್ಲ. ಅಂಥ ಗದ್ದಲದಲ್ಲಿ ದಿನಕ್ಕೆ ಸಾವಿರ ಸಲ ಕೂಗುವ ಗಂಟಲಿಗೆ ಹಕಾರ ದುಬಾರಿ. ಆಡುಮಾತಿಗೆ ಅದರದೇ ಚೆಲುವಿದೆ. ನಮ್ಮತ್ತೆಯ ಬಾಯಲ್ಲಿ ಹಕಾರ ನಿಂತದ್ದೇ ಅಪರೂಪ, ಅವರಾಡಿದ ಕನ್ನಡಕ್ಕಿಂತ ಸೊಗಸಾದದ್ದನ್ನು ನಾನು ಕೇಳಿಲ್ಲ. ಆದರೆ ಒಂದು ನಾಡಿಗೆ, ನಾಲ್ಕು ಬಗೆಯ ಆಡುಮಾತಿನವರೆಲ್ಲ ಕೂತು ಕೇಳುವ ಕಡೆ, ಎಲ್ಲರಿಗೂ ಸೇರಿದ ಒಂದು ನುಡಿ ಬೇಕಾಗುತ್ತದೆ. ಕಲಬುರ್ಗಿಯವರಿಗೂ ಕೊಡಗಿನವರಿಗೂ "ಇದು ನಮ್ಮದೇ" ಅನ್ನಿಸಬೇಕು, ಯಾರಿಗೂ "ನೀನು ಕೀಳು" ಅನ್ನಿಸಬಾರದು. ಅಪರ್ಣಾ ಅವರ ಕನ್ನಡ ಅಂಥದ್ದು. ಅಕ್ಷರ ಅಕ್ಷರವೂ ಸ್ಪಷ್ಟ, ಆದರೂ ಪಂಡಿತರ ಗತ್ತಿಲ್ಲ. ಅಲ್ಪಪ್ರಾಣ, ಮಹಾಪ್ರಾಣ, ಲ, ಳ, ಶ, ಷ ಎಲ್ಲವೂ ಅದರದರ ಜಾಗದಲ್ಲಿ. ಒತ್ತಕ್ಷರಕ್ಕೆ ಒತ್ತು ಇತ್ತು, ಗುದ್ದು ಇರಲಿಲ್ಲ. ಕೇಳುವವರಿಗೆ ತಮ್ಮ ಮಾತಿನ ಬಗ್ಗೆ ನಾಚಿಕೆಯಾಗದ ಹಾಗೆ ಶುದ್ಧವಾಗಿ ಮಾತಾಡುವುದು ದೊಡ್ಡ ವಿದ್ಯೆ. ಕನ್ನಡ ಮೇಷ್ಟ್ರುಗಳಾದ ನಮ್ಮಲ್ಲಿ ಎಷ್ಟೋ ಜನರಿಗೆ ಅದು ಒಲಿಯಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಬಹಳ ಕಾಲ ನಿರೂಪಣೆ ಮಾಡಿದ್ದ ಒಂದು ಕಾರ್ಯಕ್ರಮದ ಸಂಘಟಕರು, "ಮೇಡಂ, ನಿಮ್ಮ ಕನ್ನಡ ಈಗಿನವರಿಗೆ ಭಾರ ಆಗ್ತಿದೆ. ನಡುನಡುವೆ ಇಂಗ್ಲಿಷ್ ಸೇರಿಸಿ, ಸ್ವಲ್ಪ ಜೋಷ್ ಇರಲಿ" ಅಂದರು. ಮುಂದಿನ ವರ್ಷ ಕರೆಯಲೇ ಇಲ್ಲ. ನೊಂದುಕೊಂಡೆ. ನನ್ನ ಬದಲು ಬಂದ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಹಾಗೇ ಮಾಡು ಅಂತ ಹೇಳಿಕೊಟ್ಟಿದ್ದರು. ನನಗೆ ಬೇಸರವಾದದ್ದು "ಭಾರ" ಅನ್ನುವ ಆ ಪದಕ್ಕೆ. ಅಪರ್ಣಾ ಅವರ ಕನ್ನಡ ಹಗುರವಾಗಿತ್ತಲ್ಲ! ಇಂಗ್ಲಿಷ್ ಇಲ್ಲದೆಯೂ ಹಗುರ, ನಗುನಗುತ್ತ ಹಗುರ. ಕಲಿಯಬೇಕಾದದ್ದು ಆ ಹಗುರವನ್ನು. ನಾವು ಕಲಿಯದೆ ಇದ್ದದ್ದಕ್ಕೆ ಕನ್ನಡದ ಮೇಲೆ ತಪ್ಪು ಹೊರಿಸಿದೆವು.

ಧಾರಾವಾಹಿಗಳ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ "ಮೂಡಲ ಮನೆ", ಟಿ.ಎನ್. ಸೀತಾರಾಂ ಅವರ "ಮುಕ್ತ", ಇವೆರಡರಲ್ಲೂ ಅವರು ಪಾತ್ರ ಮಾಡಿದರು. ಎರಡೂ ಮಾತನ್ನು ನೆಚ್ಚಿಕೊಂಡ ಧಾರಾವಾಹಿಗಳು. ಕಿರುತೆರೆಯಲ್ಲಿ ಕನ್ನಡ ಚೆನ್ನಾಗಿದ್ದ ಕಾಲ ಅದು. 2013ರಲ್ಲಿ ಬಿಗ್ ಬಾಸ್ ಕನ್ನಡದ ಮೊದಲ ಆವೃತ್ತಿಗೆ ಹೋದರು. ಅದನ್ನು ನಾನು ಹೆಚ್ಚು ನೋಡಲಿಲ್ಲ. ಕೂಗಾಟದ ನಡುವೆ ಅವರನ್ನು ನೋಡಲು ಮನಸ್ಸು ಬರಲಿಲ್ಲ.

ನಿಂತು ನೋಡಬೇಕಾದದ್ದು ವರಲಕ್ಷ್ಮಿ. ಸೃಜನ್ ಲೋಕೇಶ್ ಅವರ "ಮಜಾ ಟಾಕೀಸ್" 2015ರಲ್ಲಿ ಶುರುವಾಯಿತಲ್ಲ, ಅದರಲ್ಲಿ ಅಪರ್ಣಾ ಮಾಡಿದ ಪಾತ್ರ. ಮೈತುಂಬ ಅಲಂಕಾರ, ಮಾತು ಮಾತಿಗೂ ತನ್ನ ಹೊಗಳಿಕೆ, "ಒನ್ ಅಂಡ್ ಓನ್ಲಿ ವರಲಕ್ಷ್ಮಿ" ಅನ್ನುವ ಠೇಂಕಾರ. ಮೊದಲ ಸಲ ನೋಡಿದಾಗ ನಮ್ಮತ್ತೆ ಮುಖ ಸಿಂಡರಿಸಿದರು. "ಇದೇನು, ಆ ಹುಡುಗಿ ಹಿಂಗ್ಯಾಕ ಮಾಡ್ತಾಳ?" ಅಂದರು. ಆಗ ಅಪರ್ಣಾ ಅವರಿಗೆ ಐವತ್ತು ಹತ್ತಿರ ಬಂದಿತ್ತು, ನಮ್ಮತ್ತೆಗೆ ಇನ್ನೂ ಹುಡುಗಿಯೇ. ಮೂರನೇ ವಾರಕ್ಕೆ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾಲ್ಕನೇ ವಾರ ಶುರುವಾಗುವ ಮುಂಚೆಯೇ ಮಂಡಕ್ಕಿ ಕಲಸಿಟ್ಟುಕೊಂಡು ಕೂತಿದ್ದರು.

ನಾನು ನೋಡುತ್ತಿದ್ದದ್ದು ಬೇರೆ. ಹಾಸ್ಯದಲ್ಲಿ ಸಾಮಾನ್ಯವಾಗಿ ಮಾತನ್ನು ಕೆಡಿಸಿ ನಗಿಸುತ್ತಾರೆ. ತೊದಲಿಸುತ್ತಾರೆ, ಯಾವುದೋ ಊರಿನ ಆಡುಮಾತನ್ನು ಅಣಕಿಸುತ್ತಾರೆ. ನಮ್ಮ ಕಡೆಯ "ರೀ"ಯನ್ನು ಅಣಕಿಸಿ ಎಷ್ಟು ಸಲ ನಗಿಸಿಲ್ಲ! ಅಪರ್ಣಾ ಯಾರ ಮಾತನ್ನೂ ಅಣಕಿಸಲಿಲ್ಲ. ತಮ್ಮದೇ ಅಚ್ಚುಕಟ್ಟಾದ ಉಚ್ಚಾರಣೆಯನ್ನು ಇನ್ನೂ ಎರಡು ಎಳೆ ಬಿಗಿ ಮಾಡಿದರು, ಅಷ್ಟೆ. ಯಾವ ದನಿಯನ್ನು ನಾಡು ಇಪ್ಪತ್ತು ವರ್ಷ ಕೈಮುಗಿದು ಕೇಳಿತ್ತೋ ಅದೇ ದನಿಯನ್ನು ನಗುವವರ ಮುಂದೆ ತಾವಾಗಿಯೇ ತಂದಿಟ್ಟರು. ಜೊತೆಯವರು ಎಷ್ಟೇ ಕಾಲೆಳೆದರೂ ವರಲಕ್ಷ್ಮಿಯ ಒಂದು ಅಕ್ಷರವೂ ಸಡಿಲವಾಗುತ್ತಿರಲಿಲ್ಲ. ಅಷ್ಟೂ ವರ್ಷ ಬೇರೆಯವರನ್ನು ಮುಂದೆ ಮಾಡಿ ತಾನು ಪಕ್ಕಕ್ಕೆ ನಿಂತವರು "ನಾನು, ನಾನೊಬ್ಬಳೇ" ಅನ್ನುವ ಹೆಂಗಸಿನ ಪಾತ್ರ ಮಾಡಿ ಗೆದ್ದರು. ಪುಟ್ಟಣ್ಣನವರ ಸೆಟ್ಟಿನ ಹುಡುಗಿಗೆ ತಕ್ಕ ಪಾತ್ರ ಕೊನೆಗೂ ಸಿಕ್ಕಿತಲ್ಲ ಅಂತ ನನಗೆ ಅವತ್ತು ಅನ್ನಿಸಿತು.

ಮತ್ತೆ ಆ ಮಹಾಲಕ್ಷ್ಮಿಗೆ ಬರುತ್ತೇನೆ. ನಮ್ಮ ಮೆಟ್ರೋ ಮೊದಲು ಓಡಿದ್ದು 2011ರ ಅಕ್ಟೋಬರಿನಲ್ಲಿ. ಮಹಾಲಕ್ಷ್ಮಿ ನಿಲ್ದಾಣವಿರುವ ಹಸಿರು ಮಾರ್ಗ ತೆರೆದದ್ದು 2014ರ ಮಾರ್ಚಿನಲ್ಲಿ. ನಿಲ್ದಾಣದ ಹೆಸರು ಓದುವುದರಲ್ಲಿ ಏನಿದೆ ಅನ್ನಿಸಬಹುದು. ಆದರೆ ಅದು ಬಹಳ ಸೂಕ್ಷ್ಮದ ಕೆಲಸ. ಹೆಸರನ್ನು ಇಷ್ಟಪಟ್ಟು ಹೇಳಬೇಕು, ಆದರೆ ಯಾವ ಭಾವವನ್ನೂ ಹಚ್ಚಬಾರದು. ಒಂದೇ ವಾಕ್ಯವನ್ನು ದಿನಕ್ಕೆ ಎರಡು ಸಲ, ವರ್ಷಗಟ್ಟಲೆ ಕೇಳುವವರಿದ್ದಾರೆ. ಕೊಂಚ ನಾಟಕೀಯವಾದರೂ ಹತ್ತನೇ ದಿನಕ್ಕೆ ಕಿರಿಕಿರಿ. ಕೊಂಚ ಒಣಗಿದರೂ ಯಂತ್ರದ ದನಿ. ಎರಡರ ನಡುವೆ, ಮನೆಯವರು ಯಾರೋ "ಇಳಿಯುವ ಜಾಗ ಬಂತು, ನೋಡಿಕೋ" ಅಂದ ಹಾಗೆ ಹೇಳಿದ್ದಾರೆ ಅವರು. ನಮ್ಮೂರಿನಿಂದ ಮೊದಲ ಸಲ ಹೋದ ಮುದುಕಿಗೂ ಆ ದನಿ ಕೇಳಿದರೆ ಹೆದರಿಕೆ ಹೋಗುತ್ತದೆ. ಕನ್ನಡ ಬಾರದ ಹುಡುಗರ ಕಿವಿಗೆ ದಿನವೂ ಬೀಳುವ ಕನ್ನಡವೂ ಅದೇ. ಕುವೆಂಪು ರಸ್ತೆ, ಶ್ರೀರಾಂಪುರ, ಸಂಪಿಗೆ ರಸ್ತೆ ಅಂತ ಊರಿನ ಹೆಸರುಗಳನ್ನು ಅವರು ಕಲಿಯುತ್ತಿರುವುದು ಅಪರ್ಣಾ ಅವರ ಬಾಯಿಂದ.

ಅವರನ್ನು ಬಲಿ ತೆಗೆದುಕೊಂಡದ್ದು ಶ್ವಾಸಕೋಶದ ಕ್ಯಾನ್ಸರ್. ಐವತ್ತೇಳು ವರ್ಷ. ಹಕಾರಕ್ಕೆ ನಾಲಿಗೆ, ಹಲ್ಲು, ತುಟಿ ಬೇಡ, ಎದೆಯ ಉಸಿರೊಂದೇ ಸಾಕು ಅಂದೆನಲ್ಲ, ಆ ಮಾತನ್ನು ನಾನು ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಹೇಳುವಾಗ ನಾಲಿಗೆ ತಡವರಿಸುತ್ತದೆ. ಕಾಯಿಲೆಯ ಸುದ್ದಿ ಹೊರಗೆ ಹೆಚ್ಚು ಬಂದಿರಲಿಲ್ಲ, ಹಾಗಾಗಿ ಆ ಗುರುವಾರ ರಾತ್ರಿ ಟಿವಿಯಲ್ಲಿ ನೋಡಿದಾಗ ನಂಬಲಾಗಲಿಲ್ಲ. ಅವರ ಗಂಡ ನಾಗರಾಜ ವಸ್ತಾರೆ ವಾಸ್ತುಶಿಲ್ಪಿ, ನಮ್ಮ ಕಾಲದ ಒಳ್ಳೆಯ ಬರಹಗಾರರಲ್ಲಿ ಒಬ್ಬರು, ಪದಗಳನ್ನು ಹುಡುಕಿ ಹುಡುಕಿ ಬರೆಯುವವರು. 2024ರ ಆ ಜುಲೈನಲ್ಲಿ ಮೊದಲು ನೆನಪಾದದ್ದು ಅವರ ಮನೆ. ದನಿಯೊಂದು ನಿಂತುಹೋದ ಮನೆ. ಅತ್ತೆ ಹೋಗಿ ಆಗ ನಾಲ್ಕು ವರ್ಷವಾಗಿತ್ತು. ಇದ್ದಿದ್ದರೆ ಅವರಿಗೆ ಈ ಸುದ್ದಿ ಹೇಗೆ ಹೇಳುತ್ತಿದ್ದೆನೋ ಗೊತ್ತಿಲ್ಲ.

ಇಲ್ಲಿಗೆ ನಾನು ಬರೆದುಕೊಂಡು ಬಂದ ಚೀಟಿಗಳು ಮುಗಿದವು. ಸಭೆಯಲ್ಲಿ ಹಿಂದಿನ ಸಾಲಿನಲ್ಲಿದ್ದ ಹೊನ್ನಾಳಿ ಕಡೆಯ ಒಬ್ಬ ಹುಡುಗಿ ಎದ್ದಳು. ಬಿ.ಎಡ್. ಓದುತ್ತಿದ್ದಾಳೆ, ಕಾಲೇಜಿನಲ್ಲಿ ನಿರೂಪಣೆ ಮಾಡುತ್ತಾಳಂತೆ.

"ಮೇಡಂ, ನಂಗೆ ಹಕಾರ ಬರಲ್ಲ. ಎಲ್ಲರೂ ನಗ್ತಾರೆ. ಮೆಟ್ರೋದಾಗ ನಾನು ಒಂದ್ಸಲನೂ ಕೂತಿಲ್ಲ. ಅವರು ಹೆಂಗ ಅಂದಾರ, ಈಗಲೇ ಒಂದ್ಸಲ ಕೇಳಿಸ್ತೀರಾ?"

"ಬಾ ತಾಯಿ, ಮುಂದೆ ಬಾ" ಅಂದೆ.

ಅವಳು ಬಂದು ನನ್ನ ಪಕ್ಕದಲ್ಲಿ ನಿಂತಳು. ಫೋನಿನಲ್ಲಿ ಅದನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಫ್ಯಾನ್ ಆರಿಸಿ ಅಂದೆ, ಯಾರೋ ಎದ್ದು ಆರಿಸಿದರು. ಮೊದಲು ಗಾಲಿಯ ಸದ್ದು, ಯಾವುದೋ ಮಗುವಿನ ಅಳು, ಯಾರೋ ಫೋನಿನಲ್ಲಿ "ಬರ್ತಾ ಇದೀನಿ" ಅನ್ನುವುದು, ಇಷ್ಟು ಕಳೆಯಬೇಕು, ಆಮೇಲೆ ಅವರು ಬರುತ್ತಾರೆ. ಫೋನನ್ನು ಮೈಕಿನಿಂದ ನಾಲ್ಕು ಬೆರಳು ದೂರ ಹಿಡಿದೆ.